ಮಳೆಗಾಲ ದಾಟಬೇಕಾದ ಮನೆ: ಕಾರವಾರ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತವರು ಶಿರಸಿ ಕಡೆಯ ಹಳ್ಳಿ, ಸಂಸಾರ ಕಾರವಾರದಲ್ಲಿ. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಐದು ಬಾಡಿಗೆ ಮನೆ ಬದಲಿಸಿದ್ದೇವೆ. ಹೊಸ ಪೀಠೋಪಕರಣ ಕೊಂಡದ್ದು ಎರಡೇ ಸಲ, ಎರಡು ಸಲವೂ ಕೈ ಸುಟ್ಟುಕೊಂಡೆವು. ಉಳಿದದ್ದೆಲ್ಲ ಯಾರೋ ಬಳಸಿ ಬಿಟ್ಟದ್ದೇ. ಊರಿಗೆ ಹೊಸದಾಗಿ ಬಂದವರು, ಘಟ್ಟ ಇಳಿದು ಬಂದವರು, ಮದುವೆಯಾಗಿ ಮನೆ ಹೂಡುವವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಬಾಡಿಗೆ ಮನೆ ನೋಡುತ್ತಿದ್ದೇವೆ. ಏನೇನು ಗಮನಿಸಬೇಕು?

ಮೇ ತಿಂಗಳಲ್ಲಿ ನೋಡಿದರೆ ನಮ್ಮ ಜಿಲ್ಲೆಯ ಮನೆಗಳೆಲ್ಲ ಒಳ್ಳೆಯ ಮನೆಗಳೇ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಅದೂ ನೆಟ್ಟಗೆ ಸುರಿಯುವುದಿಲ್ಲ, ಸಮುದ್ರದ ಕಡೆಯ ಗಾಳಿ ಹಿಡಿದುಕೊಂಡು ಅಡ್ಡಕ್ಕೆ ಹೊಡೆಯುತ್ತದೆ. ಅದಕ್ಕೇ ಮೊದಲು ಪಡುವಣ ಗೋಡೆ ನೋಡಿ. ಅದೊಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಯಾಕೆಂದು ಕೇಳಿ. ಗೋಡೆಯೊಳಗಿನ ಕಪಾಟಿನ ಬಾಗಿಲು ತೆಗೆದು ಮೂಗು ಹಾಕಿ. ಕಣ್ಣಿಗೆ ಬಣ್ಣ ಹೊಡೆದು ಮರೆಸಬಹುದು, ಮುಗ್ಗಲು ವಾಸನೆ ಮರೆಸಲಾಗದು.

ಗಿಲಾವು ಮಾಡದ ಚಿರೇಕಲ್ಲಿನ ಗೋಡೆ ನೋಡಲು ಚೆಂದ, ಆದರೆ ಆ ಕಲ್ಲಿಗೆ ತೂತು ಬಹಳ, ನೀರು ಕುಡಿಯುತ್ತದೆ. ಮಾಡು ಗೋಡೆಯಿಂದ ಆಚೆ ಎಷ್ಟು ಚಾಚಿದೆ ನೋಡಿ. ಮೂರಡಿ ಇದ್ದರೆ ನೆಮ್ಮದಿ, ಗೇಣುದ್ದ ಇದ್ದರೆ ಜುಲೈಯಲ್ಲಿ ಗೋಡೆಗೆ ಒರಗಿ ಕೂರುವ ಆಸೆ ಬಿಡಿ.

ಕೊನೆಯದಾಗಿ, ಮನೆ ಮಾಲೀಕರಿಗಿಂತ ಪಕ್ಕದ ಮನೆಯವರನ್ನು ಮಾತಾಡಿಸಿ. ಏಪ್ರಿಲ್‌ನಲ್ಲಿ ಬಾವಿ ನೀರು ಉಪ್ಪಾಗುತ್ತದೆಯೇ, ಅಂಗಳದಲ್ಲಿ ನೀರು ನಿಲ್ಲುತ್ತದೆಯೇ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ನಾಳೆ ನಿಮಗೆ ಪಕ್ಕದವರಾಗುವವರು ಎಂಥವರು ಎಂಬುದೂ ಆಗಲೇ ತಿಳಿಯುತ್ತದೆ.

ಹಳೆ ಪೀಠೋಪಕರಣ ಎಲ್ಲಿ, ಯಾವಾಗ ಸಿಗುತ್ತದೆ?

ಕಾರವಾರದಲ್ಲಾದರೆ ಏಪ್ರಿಲ್-ಮೇ. ಶಾಲೆಗೆ ರಜೆ ಬಿದ್ದಾಗ ವರ್ಗದ ಗಡಿಬಿಡಿ. ನೌಕಾನೆಲೆ, ಕೈಗಾ, ಬ್ಯಾಂಕು, ಸರಕಾರಿ ಕಚೇರಿ ಎಲ್ಲ ಕಡೆ ಊರು ಬಿಡುವವರು ಇರುತ್ತಾರೆ. ವಿಶಾಖಪಟ್ಟಣಕ್ಕೋ ದೆಹಲಿಗೋ ಹೋಗುವವರಿಗೆ ಮಂಚ, ಊಟದ ಮೇಜು ಸಾಗಿಸುವುದೇ ತಲೆನೋವು. ಇಂಥವರ ಹತ್ತಿರ ಕೊಂಡರೆ ಇನ್ನೊಂದು ಲಾಭವಿದೆ. ಸಾಮಾನು ಈಗಾಗಲೇ ಒಂದೆರಡು ಕಾರವಾರದ ಮಳೆಗಾಲ ಕಂಡಿರುತ್ತದೆ. ಉಬ್ಬುವುದು, ಬಿರಿಯುವುದು ಇದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ.

ಘಟ್ಟದ ಮೇಲಿನ ಲೆಕ್ಕ ಬೇರೆ. ಅಲ್ಲಿ ಹಳೆ ಮನೆ ಕೆಡವಿ ಹೊಸದು ಕಟ್ಟುವಾಗ, ಅಣ್ಣತಮ್ಮಂದಿರು ಹಿಸೆಯಾಗುವಾಗ ಅಟ್ಟದಿಂದ ದೊಡ್ಡ ಪೆಟ್ಟಿಗೆ, ಆರಾಮ ಕುರ್ಚಿ, ತೂಗುಮಂಚ ಇಳಿಯುತ್ತವೆ. ಮಾಡಿದ ಕುರ್ಚಿ-ಮೇಜು ತರುವುದು ಬೇರೆ, ಬಿಡಿ ತೊಲೆ, ಹಲಗೆ ತರುವುದು ಬೇರೆ. ಸಾಗವಾನಿ, ಬೀಟೆ ಇದ್ದರಂತೂ ಗಾಡಿ ಮಾಡುವ ಮೊದಲೇ ಅಲ್ಲಿಯ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿ ಕಾಗದ ಮಾಡಿಸಿಕೊಳ್ಳಿ. ದೇವಿಮನೆ ಘಟ್ಟ ಇಳಿಯುವಾಗ ಯಾರಾದರೂ ಗಾಡಿ ತಡೆದರೆ "ನಮ್ಮ ಅಜ್ಜನ ಮನೆಯದು ಸ್ವಾಮಿ" ಎಂದರೆ ನಡೆಯುವುದಿಲ್ಲ.

ಸಾಗವಾನಿ ಎಂದು ಹೇಳಿ ಕೊಡುತ್ತಾರೆ. ನಂಬುವುದು ಹೇಗೆ?

ಮುಂದಿನ ಮುಖ ನೋಡಬೇಡಿ, ಮೇಜನ್ನು ಕವುಚಿ ಹಾಕಿ. ಪಾಲಿಶ್ ಮುಟ್ಟದ ಜಾಗ ಸುಳ್ಳು ಹೇಳುವುದಿಲ್ಲ. ಡ್ರಾಯರ್ ಪೂರ್ತಿ ಹೊರಗೆಳೆದು ಅದರ ಬೆನ್ನು, ತಳ ನೋಡಿ. ಸಾಗವಾನಿಯಾದರೆ ಹೊನ್ನು ಬೆರೆತ ಕಂದು ಬಣ್ಣ, ಉದ್ದಕ್ಕೆ ಸ್ಪಷ್ಟ ಗೆರೆ, ಮುಟ್ಟಿದರೆ ತುಸು ಎಣ್ಣೆ ಸವರಿದ ಹಾಗೆ. ಅಡಿಯಲ್ಲಿ ಉಗುರಿನಿಂದ ಗೀರಿ ಮೂಸಿದರೆ ಹಳೆ ಚರ್ಮದಂಥ ವಾಸನೆ ಬರುತ್ತದೆ. ಒಮ್ಮೆ ಮೂಸಿದವರು ಮರೆಯುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಸಾಗವಾನಿಯ ವೇಷ ಹಾಕಿ ಬರುವುದು ಹೆಚ್ಚಾಗಿ ಅಕೇಶಿಯಾ. ಅರಣ್ಯ ಇಲಾಖೆ ಎಕರೆಗಟ್ಟಲೆ ನೆಟ್ಟ ಮರ, ಈಗ ಎಲ್ಲೆಂದರಲ್ಲಿ. ಕಪ್ಪು ಪಾಲಿಶ್ ಹೊಡೆದರೆ ಕಣ್ಣು ಮೋಸ ಹೋಗುತ್ತದೆ. ಅದು ಕೆಟ್ಟ ಮರವಲ್ಲ, ಒಣಗಿಸಿ ಮಾಡಿದ್ದರೆ ಗಟ್ಟಿ. ಆದರೆ ಹಸಿಯಲ್ಲೇ ಕೊಯ್ದು ಮಾಡಿದ್ದು ಬೇಸಿಗೆ ಬಂತೆಂದರೆ ತಿರುಚಿಕೊಳ್ಳುತ್ತದೆ. ಅಕೇಶಿಯಾ ಎಂದೇ ಹೇಳಿ, ಅಕೇಶಿಯಾದ ಬೆಲೆಗೇ ಕೊಟ್ಟರೆ ನಾನು ಬೇಡ ಎನ್ನುವವಳಲ್ಲ. ಹಲಸು ಹೊಸದರಲ್ಲಿ ಅರಿಸಿನ ಬಣ್ಣ, ವರ್ಷ ಕಳೆದಂತೆ ಕಂದಾಗುತ್ತದೆ. ಅಜ್ಜಿಯ ಕಾಲದ ಹಲಸಿನ ಪೆಟ್ಟಿಗೆ ಸಿಕ್ಕರೆ ಸಾಗವಾನಿಗಾಗಿ ಕಾಯಬೇಡಿ. ಬೀಟೆಯದಾದರೆ ಎತ್ತಿದಾಗಲೇ ತಿಳಿಯುತ್ತದೆ, ಕುರ್ಚಿ ಎತ್ತಲು ಇನ್ನೊಬ್ಬರನ್ನು ಕರೆಯಬೇಕು.

ಮರದ ಜಾತಿಗಿಂತ ಕೀಲು ಮುಖ್ಯ ಎಂದು ನನ್ನ ಅನುಭವ. ಕುರ್ಚಿಯ ಬೆನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ. ಮರದೊಳಗೆ ಮರ ಕೂರಿಸಿ ಮಾಡಿದ್ದು ಸಡಿಲವಾಗಿದ್ದರೂ ಆಚಾರಿಯವರು ಬಿಚ್ಚಿ, ಅಂಟು ಹಾಕಿ, ಬಿಗಿ ಮಾಡಿ ಕೊಡುತ್ತಾರೆ. ಬರೀ ಮೊಳೆ ಹೊಡೆದದ್ದು ಸಡಿಲವಾದರೆ ಮತ್ತೆ ಮೊಳೆ, ಮತ್ತೆ ಸೀಳು, ಅಷ್ಟೇ.

ಮಂಚದ ಕಾಲಿಂದ ಹಿಟ್ಟು ಉದುರುತ್ತಿದೆ. ವರಲೆಯೇ (ಗೆದ್ದಲೇ)?

ಅಲ್ಲ, ಅದು ಕುಟ್ಟೆ. ಇವೆರಡನ್ನು ಒಂದೇ ಎಂದುಕೊಂಡು ತಪ್ಪು ಮದ್ದು ಮಾಡುವವರೇ ಹೆಚ್ಚು. ಕುಟ್ಟೆ ಹುಳ ಮರದ ಒಳಗೇ ಹುಟ್ಟಿ, ಒಳಗೇ ತಿಂದು, ಸೂಜಿ ಚುಚ್ಚಿದಂಥ ತೂತು ಮಾಡಿ ಹೊರಬರುತ್ತದೆ. ವರಲೆ ನೆಲದಿಂದ ಹತ್ತಿ ಬರುತ್ತದೆ, ಗೋಡೆಯ ಮೇಲೋ ಕಾಲಿನ ಮೇಲೋ ಮಣ್ಣಿನ ದಾರಿ ಕಟ್ಟಿಕೊಂಡು.

ತೂತು ಕಂಡ ಮಾತ್ರಕ್ಕೆ ಸಾಮಾನು ಬಿಡಬೇಕಾಗಿಲ್ಲ, ಹಳೆಯ ತೂತೂ ಇರಬಹುದು. ಅಡಿಯಲ್ಲಿ ಬಿಳಿ ಕಾಗದ ಹಾಸಿ ಮರಕ್ಕೆ ನಾಲ್ಕು ತಟ್ಟು ತಟ್ಟಿ, ಉದುರಿದ್ದನ್ನು ಕೊಡವಿ ಎರಡು ದಿನ ಬಿಡಿ. ಮತ್ತೆ ಹೊಸ ಹಿಟ್ಟು ಬಿದ್ದಿದ್ದರೆ ಹುಳ ಬದುಕಿದೆ ಎಂದರ್ಥ. ಪಾಲಿಶ್ ಪೇಪರಿನಿಂದ ಹಳೆ ಪಾಲಿಶ್ ತೆಗೆದು, ಬೊರಾಕ್ಸ್ ಮತ್ತು ಬೋರಿಕ್ ಆಮ್ಲ ಕರಗಿಸಿದ ಬಿಸಿನೀರನ್ನು ಬ್ರಷ್ಷಿನಿಂದ ಎರಡು-ಮೂರು ಸಲ ಕುಡಿಸಿ, ಚೆನ್ನಾಗಿ ಒಣಗಿದ ಮೇಲೆ ಮತ್ತೆ ಪಾಲಿಶ್ ಮಾಡಬೇಕು. ಪಾಲಿಶ್ ಮೇಲೆಯೇ ಹಚ್ಚಿದರೆ ಒಳಗೆ ಇಳಿಯುವುದಿಲ್ಲ. ಸೀಮೆಎಣ್ಣೆ ಸುರಿಯುವವರಿದ್ದಾರೆ. ಹುಳ ಸಾಯುವ ಖಾತ್ರಿಯಿಲ್ಲ, ಬೆಂಕಿಯ ಭಯ ಮಾತ್ರ ಖಾತ್ರಿ.

ಕರಾವಳಿಯಲ್ಲಿ ದೋಣಿಗೂ ಮಾಡಿನ ಪಕಾಸಿಗೂ ಹಚ್ಚುತ್ತಿದ್ದ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಈಗಲೂ ಒಳ್ಳೆಯ ಮದ್ದು. ಕಣ್ಣಿಗೆ ಬೀಳದ ಅಡಿಭಾಗಕ್ಕೆ, ಕಪಾಟಿನ ಬೆನ್ನಿಗೆ ಹಚ್ಚಿ. ಕಪ್ಪಾಗಿ ಕೂರುತ್ತದೆ, ಮುಖಕ್ಕೆ ಚೆಂದ ಕಾಣದು. ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ.

ವರಲೆಗೆ ಮರಕ್ಕಿಂತ ಜಾಗದ ಮದ್ದು ಬೇಕು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಇಡಿ, ಕಾಲಿನ ಅಡಿ ಕಲ್ಲಿನ ಚೂರು ಕೊಡಿ. ಹಿಂದೆ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರು. ಈಗ ಹಾಗೆ ಇಟ್ಟು ನೀರು ಬದಲಿಸುವುದು ಮರೆತರೆ ವಾರ ಹತ್ತು ದಿನದಲ್ಲಿ ಮನೆಯೊಳಗೇ ಡೆಂಗಿ ಸೊಳ್ಳೆ ಸಾಕಿದ ಹಾಗೆ.

ಗಾದಿಯೂ ಸೇರಿಸಿ ಕೊಡುತ್ತೇವೆ ಎನ್ನುತ್ತಾರೆ?

ಬೇಡ. ಪುಕ್ಕಟೆ ಕೊಟ್ಟರೂ ಬೇಡ. ತಿಗಣೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಮಂಚ ತಂದರೂ ಮೊದಲು ಅಂಗಳದಲ್ಲೇ ಬಿಚ್ಚಿ, ಕೀಲು, ಸಂದು, ಮೊಳೆಯ ತೂತಿಗೆಲ್ಲ ಕುದಿಯುವ ನೀರು ಹೊಯ್ದು ಒಣಗಿಸಿ ಒಳಗೆ ತನ್ನಿ.

ಕಬ್ಬಿಣದ ಕಪಾಟು ಕೊಳ್ಳಬಹುದೇ?

ಶಿರಸಿ, ಯಲ್ಲಾಪುರದಲ್ಲಾದರೆ ಧಾರಾಳವಾಗಿ. ಕಾರವಾರ, ಅಂಕೋಲೆಯಲ್ಲಿ ಸಮುದ್ರದಿಂದ ಎಷ್ಟು ದೂರದಲ್ಲಿದ್ದೀರಿ ನೋಡಿಕೊಳ್ಳಿ. ಅಲೆ ಸದ್ದು ಕೇಳುವ ಮನೆಯಲ್ಲಿ ಉಪ್ಪುಗಾಳಿ ಕಬ್ಬಿಣವನ್ನು ಬಿಡುವುದಿಲ್ಲ. ಮುಖಕ್ಕೆ ಬಣ್ಣ ಇರುತ್ತದೆ, ತುಕ್ಕು ಶುರುವಾಗುವುದು ತಳದಿಂದ. ಮಲಗಿಸಿ ತಳ ನೋಡಿ. ಬೆರಳಿನಿಂದ ಒತ್ತಿದರೆ ಪುಡಿಯಾದರೆ ತೂಕದ ಬೆಲೆಗೂ ಬೇಡ. ಮೇಲ್ಮೈ ತುಕ್ಕು ಮಾತ್ರವಾದರೆ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಬಣ್ಣ ಹೊಡೆಯಿರಿ. ನಾನು ಮರದ ಕಪಾಟಿಗೂ ಕಬ್ಬಿಣದ ತಿರುಗಣೆ ತೆಗೆಸಿ ಹಿತ್ತಾಳೆಯದು ಹಾಕಿಸಿದ್ದೇನೆ. ಖರ್ಚು ಹೆಚ್ಚು ಬಂತು, ಹನ್ನೆರಡು ವರ್ಷವಾಯಿತು, ಕಿರ್ ಎಂದಿಲ್ಲ.

ಆನ್‌ಲೈನ್‌ನಲ್ಲಿ ಬರುವ, ನಾವೇ ಜೋಡಿಸಿಕೊಳ್ಳುವ ಮೇಜು?

ಮೊದಲೇ ಹೇಳಿದೆನಲ್ಲ, ಎರಡು ಸಲ ಕೈ ಸುಟ್ಟುಕೊಂಡೆವೆಂದು. ಅದರಲ್ಲಿ ಒಂದು ಇದು. ಮರದ ಪುಡಿ ಒತ್ತಿ ಮಾಡಿದ ಹಲಗೆ, ಎರಡನೇ ಮಳೆಗಾಲಕ್ಕೆ ಅವಲಕ್ಕಿ ನೆನೆದಂತೆ ಉಬ್ಬಿತು. ಪ್ಲೈವುಡ್ ಆದರೆ ಮೇಲಿನ ಮುದ್ರೆ ಓದಿ. ಐಎಸ್ 710 ಎಂದಿದ್ದರೆ ನೀರು ತಡೆಯುವ ಜಾತಿ. ಐಎಸ್ 303ರಲ್ಲಿ ಎಂಆರ್ (ಬರೀ ತೇವ ತಾಳುವ ಜಾತಿ) ಎಂದಿದ್ದರೆ ಘಟ್ಟದ ಕೆಳಗೆ ಅಡುಗೆಮನೆಗೆ ಖಂಡಿತ ಬೇಡ.

ಬೆತ್ತದ ಕುರ್ಚಿ ಜೋತುಬಿದ್ದಿದೆ. ಹೊಸದಾಗಿ ಹೆಣೆಸಬೇಕೇ?

ಹೆಣಿಗೆ ಹರಿದಿಲ್ಲವಾದರೆ ಒಂದು ಪ್ರಯತ್ನ ಮಾಡಿ. ಕುರ್ಚಿ ಕವುಚಿ ಹಾಕಿ, ಬಿಸಿನೀರಲ್ಲಿ ಅದ್ದಿದ ಪಂಚೆಯನ್ನು ಬೆತ್ತದ ಅಡಿಮುಖಕ್ಕೆ ಅರ್ಧ ಗಂಟೆ ಹೊದೆಸಿಡಿ. ಆಮೇಲೆ ಗಾಳಿಗೆ ಒಣಗಿಸಿ. ಬೆತ್ತ ನೆನೆದು ಹಿಗ್ಗಿ, ಒಣಗುವಾಗ ಬಿಗಿದುಕೊಳ್ಳುತ್ತದೆ. ಒಣಗುವ ತನಕ ಯಾರನ್ನೂ ಕೂರಲು ಬಿಡಬೇಡಿ. ನಮ್ಮ ಮನೆಯಲ್ಲಿ ಈ ಮಾತು ಮಾವನವರಿಗೆ ಹೇಳುವುದು ಯಾರು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡೆವು, ಅಷ್ಟರಲ್ಲಿ ಅವರು ಕೂತಾಗಿತ್ತು.

ಆಷಾಢದಲ್ಲಿ ಎಲ್ಲದಕ್ಕೂ ಬೂಷ್ಟು. ಏನು ಮಾಡುವುದು?

ಬೂಷ್ಟಿಗೆ ಬೇಕಾದದ್ದು ಥಂಡಿ, ಅಂದರೆ ತೇವ, ಮತ್ತು ನಿಂತ ಗಾಳಿ. ಥಂಡಿ ನಮ್ಮ ಕೈಯಲ್ಲಿಲ್ಲ, ಗಾಳಿ ಇದೆ. ಮಳೆ ಹೊಳವಾದ ಗಂಟೆಯಲ್ಲಿ ಕಪಾಟಿನ ಬಾಗಿಲು ತೆರೆದಿಡಿ. ಬಟ್ಟೆ ಒತ್ತೊತ್ತಾಗಿ ತುಂಬಬೇಡಿ. ರೇಷ್ಮೆ ಸೀರೆ ಮಿರ್ಗಕ್ಕೆ (ಮೃಗಶಿರಾ ಮಳೆಗೆ) ಮುಂಚೆಯೇ ಬಿಸಿಲು ಕಂಡು ಹತ್ತಿಬಟ್ಟೆಯಲ್ಲಿ ಸುತ್ತಿಕೊಂಡು ಕೂರಬೇಕು, ಪ್ಲಾಸ್ಟಿಕ್ ಚೀಲದಲ್ಲಿ ಅಲ್ಲ. ಒದ್ದೆ ಬಟ್ಟೆ ಒಳಮನೆಯಲ್ಲಿ ಒಣಗಿಸಿದರೆ ಅದರ ನೀರೆಲ್ಲ ಗೋಡೆಗೆ, ಮರಕ್ಕೆ. ಬಚ್ಚಲೊಲೆ ಇರುವವರು ಪುಣ್ಯವಂತರು, ಅದರ ಮೇಲೆ ಹಗ್ಗ ಕಟ್ಟಿ.

ಮರದ ಮೇಲಿನ ಬೂಷ್ಟನ್ನು ಮನೆಯೊಳಗೆ ಒಣಬಟ್ಟೆಯಿಂದ ಕೊಡವಬೇಡಿ, ಬೀಜ ಎಲ್ಲ ಕಡೆ ಹಾರುತ್ತದೆ. ವಿನೆಗರ್ ಹಾಕಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಒಣಬಟ್ಟೆ. ಗೋಡೆಗೆ ಸುಣ್ಣದಷ್ಟು ಒಳ್ಳೆಯದು ಇನ್ನೊಂದಿಲ್ಲ. ಅಘನಾಶಿನಿ ಅಳಿವೆಯ ಚಿಪ್ಪಿ ಸುಟ್ಟು ಮಾಡಿದ ಸುಣ್ಣ ಬಳಿದ ಗೋಡೆಯಲ್ಲಿ ಬೂಷ್ಟು ಸುಲಭಕ್ಕೆ ಕೂರುವುದಿಲ್ಲ, ಸುಣ್ಣದ ಖಾರ ಅದಕ್ಕೆ ಆಗದು. ಪ್ಲಾಸ್ಟಿಕ್ ಬಣ್ಣ ಬಳಿದ ಗೋಡೆ ಒಳಗಿನ ನೀರನ್ನು ಹೊರಬಿಡದೆ ಹಪ್ಪಳದ ಹಾಗೆ ಏಳುತ್ತದೆ. ಬ್ಲೀಚಿಂಗ್ ಪೌಡರಿನಿಂದ ಉಜ್ಜುವವರು ಅದಕ್ಕೆ ಪಾಯಿಖಾನೆ ತೊಳೆಯುವ ಆ್ಯಸಿಡ್ ಬೆರೆಸಬೇಡಿ, ಏಳುವ ಹೊಗೆ ವಿಷ.

ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?

1000 ಲೀಟರಿಗೆ 2.5 ಗ್ರಾಂ. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9400 ಲೀಟರ್, ಅಂದರೆ 24 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಇಳಿಸಿ ಕೊಡದಿಂದ ಕಲಕಿ. ಒಂದು ಗಂಟೆಯಾದರೂ ಬಿಟ್ಟು ಬಳಸಿ, ರಾತ್ರಿ ಹಾಕಿದರೆ ಇನ್ನೂ ಒಳ್ಳೆಯದು. ಪಾಯಿಖಾನೆ ಗುಂಡಿ ಬಾವಿಗೆ 15 ಮೀಟರಿಗಿಂತ ಹತ್ತಿರ ಇರಬಾರದು, ಹೊಯಿಗೆ (ಮರಳು) ನೆಲದಲ್ಲಿ ಇನ್ನೂ ದೂರ ಇರಲಿ. ಇದು ಪಕ್ಕದ ಮನೆಯ ಬಾವಿಗೂ ಅನ್ವಯ. ಗುಂಡಿ ತೋಡುವಾಗ ನಮ್ಮ ಬಾವಿ ಮಾತ್ರ ಅಳೆದು ನೋಡುವವರು ಬಹಳ.

ಅಂಗಳದಲ್ಲಿ ಏನು ಬೆಳೆಯಬಹುದು?

ಕರಾವಳಿಯ ಹೊಯಿಗೆ ಮಣ್ಣಿನಲ್ಲಿ ನೀರೂ ನಿಲ್ಲುವುದಿಲ್ಲ, ಗೊಬ್ಬರವೂ ನಿಲ್ಲುವುದಿಲ್ಲ. ಒಮ್ಮೆಗೇ ಬುಟ್ಟಿಗಟ್ಟಲೆ ಹಾಕುವ ಬದಲು ಆಗಾಗ ಹಿಡಿ ಹಿಡಿ ಹಾಕಿ. ಬಸಳೆ ಚಪ್ಪರ, ತೊಂಡೆ ಬಳ್ಳಿ, ಹರಿವೆ, ದಾಸವಾಳ, ಅಬ್ಬಲಿಗೆ ಇಷ್ಟು ಯಾರ ಕೈಗೂ ಒಲಿಯುತ್ತವೆ. ಮಳೆಗಾಲದ ತರಕಾರಿಗೆ ಮಡಿ ಎತ್ತರವಾಗಿರಲಿ, ಇಲ್ಲವಾದರೆ ಬೇರು ಕೊಳೆಯುತ್ತದೆ. ಕುಮಟೆಯ ಸಿಹಿ ಈರುಳ್ಳಿ ನೋಡಿ ಆಸೆಪಟ್ಟು ಜೂನ್‌ನಲ್ಲಿ ನೆಡಬೇಡಿ, ಅದು ಮಳೆ ಮುಗಿದು ಚಳಿ ಬಂದ ಮೇಲಿನ ಬೆಳೆ. ಜಾಗವಿದ್ದರೆ ಒಂದು ಕರಿ ಈಶಾಡು ಕಸಿ ಗಿಡ ಹಾಕಿ. ಅಂಕೋಲೆ ಕಡೆಯ ಈ ಮಾವಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿತು. ನಮಗೆ ಅದರ ರುಚಿ ಗೊತ್ತಾಗಲು ಗುರುತು ಬೇಕಿರಲಿಲ್ಲ ಬಿಡಿ.

ಘಟ್ಟದ ಮೇಲಿನವರಿಗೆ ಸೊಪ್ಪಿನ ಬೆಟ್ಟದ ದರಕು (ಉದುರಿದ ಒಣ ಎಲೆ) ಇದೆ, ಅದರಂಥ ಹೊದಿಕೆ ಬೇರೆಯಿಲ್ಲ. ಆದರೆ ಸಿದ್ದಾಪುರ, ಹೊನ್ನಾವರದ ಕಾಡಂಚಿನವರು ಡಿಸೆಂಬರ್‌ನಿಂದ ಮೇ ತನಕ ಎಚ್ಚರ ತಪ್ಪಬಾರದು. ಮಂಗನ ಕಾಯಿಲೆ ಹರಡುವ ಉಣುಗು ಒಣ ಎಲೆಯ ಜೊತೆ ಮನೆಯಂಗಳಕ್ಕೆ ಬರುತ್ತದೆ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲ ಕೈಕಾಲಿಗೆ ಹಚ್ಚಿಕೊಂಡೇ ಬೆಟ್ಟಕ್ಕೆ ಹೋಗಿ, ಬಂದ ಕೂಡಲೇ ಬಿಸಿನೀರು ಮಿಂದು ಬಟ್ಟೆ ಒಗೆಯಿರಿ. ಹತ್ತಿರದಲ್ಲಿ ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಪಕ್ಕದವರ ತೆಂಗಿನ ಮರ ನಮ್ಮ ಹಂಚಿನ ಮೇಲೆ ಬಾಗಿದೆ. ಹೇಗೆ ಹೇಳುವುದು?

ಈ ಪ್ರಶ್ನೆ ವರ್ಷಕ್ಕೆ ನಾಲ್ಕು ಜನ ಕೇಳುತ್ತಾರೆ, ಅದರಲ್ಲಿ ಮೂವರು ಜುಲೈಯಲ್ಲಿ, ಹಂಚು ಒಡೆದ ಮೇಲೆ. ಹೇಳುವ ಕಾಲ ಅದಲ್ಲ. ಏಪ್ರಿಲ್‌ನಲ್ಲಿ ಕಾಯಿ ಕೊಯ್ಯುವವರು ಬಂದಾಗ ಬೇಲಿ ಹತ್ತಿರ ಹೋಗಿ, "ಅಕ್ಕಾ, ಆ ಮೂಲೆ ಮರದ್ದು ಒಣಮಡಲೂ ಕೆಡವಿಸಿಬಿಡಿ, ಆ ಮರದ ಕೂಲಿ ನಾ ಕೊಡ್ತೆ" ಎಂದು ನೋಡಿ. ಕೂಲಿ ತೆಗೆದುಕೊಳ್ಳುವುದಿಲ್ಲ, ಕೆಲಸ ಆಗುತ್ತದೆ.

ನಮ್ಮ ಮೂರನೇ ಮನೆಯಲ್ಲಿ ನಾನು ಹೀಗೆ ಮಾಡಲಿಲ್ಲ. ಒಂದು ರಾತ್ರಿ ಕಾಯಿ ಬಿದ್ದು ಎರಡು ಹಂಚು ಹೋಯಿತು, ಬೆಳಿಗ್ಗೆ ಅದೇ ಕಾಯಿ ಹಿಡಿದುಕೊಂಡು ಜಗಳಕ್ಕೆ ಹೋದೆ. ಅವರು ಕಾಯಿ ತೆಗೆದುಕೊಂಡರು, ಬಾಗಿಲು ಹಾಕಿಕೊಂಡರು. ಎರಡು ವರ್ಷ ಮಾತಿಲ್ಲ. ಎರಡು ಹಂಚಿಗೆ ಎರಡು ವರ್ಷ ದುಬಾರಿಯಾಯಿತು.

ಮಡಲು ವಿದ್ಯುತ್ ತಂತಿಗೆ ತಾಗುತ್ತಿದ್ದರೆ ಕೋಲು ಹಿಡಿದು ನೀವೇ ಸರಿಸಲು ಹೋಗಬೇಡಿ. 1912ಕ್ಕೆ ಫೋನ್ ಮಾಡಿ ಹೆಸ್ಕಾಂನವರನ್ನು ಕರೆಸಿ.

ಮೇಲಿನ ಮನೆಯ ಮಳೆನೀರು ನಮ್ಮ ಅಂಗಳಕ್ಕೆ ಬರುತ್ತಿದೆ?

ಮೊದಲು ನಿಮ್ಮ ನೀರು ಯಾರ ಅಂಗಳಕ್ಕೆ ಹೋಗುತ್ತಿದೆ ನೋಡಿಕೊಳ್ಳಿ. 100 ಚದರ ಮೀಟರ್ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು, ದೊಡ್ಡದೊಂದು ಟ್ಯಾಂಕರ್. ನಮ್ಮಲ್ಲಿ ಜುಲೈಯ ಒಂದೇ ದಿನಕ್ಕೆ ಅಷ್ಟು ಮಳೆ ಅಪರೂಪವಲ್ಲ. ಹೊಸ ಪಾಗಾರ ಕಟ್ಟುವವರು ಹಳೆ ನೀರಿನ ದಾರಿ ಮುಚ್ಚಿಬಿಡುವುದೇ ಮುಕ್ಕಾಲು ಜಗಳಕ್ಕೆ ಮೂಲ. ಪಾಗಾರದ ಬುಡದಲ್ಲಿ ತೂತು ಬಿಟ್ಟು, ಎರಡೂ ಮನೆಯವರು ಸೇರಿ ಮೇ ಕೊನೆಗೆ ಒಂದು ದಿನ ಚರಂಡಿ ಬಿಡಿಸಿದರೆ ಮುಗಿಯಿತು. ಘಟ್ಟದ ಮೇಲೆ ತೋಟದ ಕೆಲಸಕ್ಕೆ ಮುಯ್ಯಾಳು ಹೋಗುವ ಪದ್ಧತಿ ಇದೆಯಲ್ಲ, ಅದೇ ಲೆಕ್ಕ.

ಕಾನೂನಿನ ಮಾತೂ ಕೇಳುತ್ತಾರೆ. 1882ರ ಭಾರತೀಯ ಈಸ್‌ಮೆಂಟ್ ಕಾಯಿದೆ ಪ್ರಕಾರ 20 ವರ್ಷ ತಡೆಯಿಲ್ಲದೆ, ಹಕ್ಕಿನಿಂದ ಬಳಸಿದ ದಾರಿಗೆ, ನೀರಿನ ಹರಿವಿಗೆ ಹಕ್ಕು ಹುಟ್ಟಬಹುದು. ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡುವಷ್ಟರಲ್ಲಿ ಎಷ್ಟು ಮಳೆಗಾಲ ಕಳೆಯುತ್ತದೆ ಎಂಬುದನ್ನು ವಕೀಲರ ಹತ್ತಿರವೇ ಕೇಳಿ.

ನಾವು ಮೀನು ತಿನ್ನುವುದಿಲ್ಲ. ಪಕ್ಕದವರು ಅಂಗಳದಲ್ಲಿ ಮೀನು ಒಣಗಿಸುತ್ತಾರೆ.

ಘಟ್ಟದಿಂದ ಇಳಿದು ಬಂದ ಹೊಸದರಲ್ಲಿ ನನ್ನದೂ ಇದೇ ಗೋಳು. ಜೂನ್ 1ರಿಂದ ಜುಲೈ 31ರ ತನಕ ಯಂತ್ರದ ದೋಣಿ ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳ ಊಟಕ್ಕೆ ಮೇ ಬಿಸಿಲಲ್ಲಿ ಒಣಗಿಸಿ ಇಡುತ್ತಾರೆ, ನಾವು ಹಪ್ಪಳ, ಸಂಡಿಗೆ ಮಾಡುವ ಹಾಗೆಯೇ. ಬಿಸಿಲು ಒಂದೇ, ಅಂಗಳ ಒಂದೇ. ನಾನು ಹಪ್ಪಳ ಒಣಗಿಸುವ ಜಾಗವನ್ನು ಗಾಳಿ ಬರುವ ಕಡೆಗೆ ಬದಲಿಸಿದೆ, ಅವರು ಬಲೆಯನ್ನು ಆಚೆ ಮೂಲೆಗೆ ಸರಿಸಿದರು. ಕಾಗೆ ಓಡಿಸುವ ಕೆಲಸ ಇಬ್ಬರಿಗೂ ಸರದಿಯ ಮೇಲೆ.

ಮೀನು ತೊಳೆದ ನೀರು, ಮುಳ್ಳು ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರ. ಒಂದೂವರೆ ಅಡಿ ಆಳಕ್ಕೆ ಹುಗಿದರೆ ವಾಸನೆಯಿಲ್ಲ, ನಾಯಿ ಕೆದಕುವುದೂ ಕಡಿಮೆ. ಇದನ್ನು ದೂರಿನ ಧಾಟಿಯಲ್ಲಿ ಹೇಳದೆ ತೆಂಗಿನ ವಿಷಯವಾಗಿ ಹೇಳಿದರೆ ಕೇಳುತ್ತಾರೆ.

ರಾತ್ರಿ ಮೈಕು?

ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕುವಂತಿಲ್ಲ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ವಿಶೇಷ ಅನುಮತಿಯ ಕೆಲವು ದಿನಗಳನ್ನು ಬಿಟ್ಟು. ವರ್ಷಕ್ಕೊಂದು ಮದುವೆಗೆ ನಾನು ಕಿವಿ ಮುಚ್ಚಿಕೊಳ್ಳುತ್ತೇನೆ. ದಿನಾ ಆದರೆ 112.

ಊರು ಬಿಡುತ್ತಿದ್ದೇವೆ. ಯಾರೂ ಕೊಳ್ಳದ ಸಾಮಾನನ್ನು ಏನು ಮಾಡುವುದು?

ರಸ್ತೆ ಬದಿಗೆ ಇಡಬೇಡಿ, ಒಂದು ಮಳೆಗೆ ಕಸವಾಗುತ್ತದೆ. ಮರದ್ದಾದರೆ ಆಚಾರಿಯವರನ್ನು ಕರೆದು ತೋರಿಸಿ, ನಾಲ್ಕು ಒಳ್ಳೆಯ ಹಲಗೆ ಸಿಕ್ಕರೂ ಅವರೇ ಒಯ್ಯುತ್ತಾರೆ. ಅಂಗನವಾಡಿಗೆ, ಗ್ರಂಥಾಲಯಕ್ಕೆ ಕೊಡುವ ಮನಸ್ಸಿದ್ದರೆ ಮೊದಲು ಅವರಿಗೆ ಬೇಕೋ ಕೇಳಿ, ಮತ್ತು ಕಾಲು ಮುರಿದದ್ದನ್ನು ಕೊಡಬೇಡಿ. ಕೊಡುವಾಗ ದೋಷ ಹೇಳಿಬಿಡಿ. ನನ್ನ ಈಗಿನ ಊಟದ ಮೇಜು ಕೊಟ್ಟವರು "ಒಂದು ಕಾಲು ಗಿಡ್ಡ, ಅಡಿಗೆ ಮಡಚಿದ ರಟ್ಟು ಇಡಿ" ಎಂದು ರಟ್ಟನ್ನೂ ಸೇರಿಸಿಯೇ ಕೊಟ್ಟಿದ್ದರು. ಅವರು ಹೋಗಿ ಎಂಟು ವರ್ಷವಾಯಿತು, ಮನೆ ಒಂದು ಬದಲಾಯಿತು, ರಟ್ಟು ಅದೇ ಇದೆ.